ಗುಂಡಿಯ ನುಡಿ ಮತ್ತು ನಡೆ

ಕನ್ನಡದಲ್ಲಿ ‘ಗುಂಡಿ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಅಂಗಿಗೆ ಹಾಕಿಕೊಳ್ಳುವುದೂ ಗುಂಡಿ, ಕಾಲು ತಪ್ಪಿ ಬೀಳುವುದೂ ಗುಂಡಿ. ಮುಂಬಯಿಯ ಮಳೆಗಾಲವನ್ನು ಕಂಡವರಿಗೆ ಎರಡನೆಯ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ವಿದ್ಯುತ್ತಿನೊಡನೆ ಒತ್ತುವ ಗುಂಡಿ ಬಂತು. ಗಣಕಯಂತ್ರದೊಡನೆ ತೆರೆಯ ಮೇಲೆ ಚಿತ್ರಿಸಿದ ಗುಂಡಿ ಬಂತು. ಈ ಕೊನೆಯ ಬಗೆಯದನ್ನು ಒತ್ತುವಾಗ ಎರಡು ಅರ್ಥಗಳೂ ಒಂದೇ ಕಡೆ ಕೂಡಿಬರುವ ಸಂಭವ ಹೆಚ್ಚು.

ವಿಮರ್ಶೆಗೆಂದು ಮೀಸಲಾದ ಪುಟದಲ್ಲಿ ಗುಂಡಿಯ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಕಾದಂಬರಿ, ಕವನ, ನಾಟಕಗಳ ಗುಣದೋಷ ವಿವೇಚನೆಗೇ ಇಲ್ಲಿ ಸ್ಥಳ ಸಾಲದು ಎಂಬುದೂ ನಿಜವೇ. ಆದರೆ ಒಬ್ಬ ಮನುಷ್ಯ ಇನ್ನೊಬ್ಬನಿಗಾಗಿ ಯೋಚಿಸಿ ಮಾಡಿಟ್ಟದ್ದೆಲ್ಲವೂ ಕೃತಿಯೇ ಎಂದು ನಾವು ತಿಳಿದಿದ್ದೇವೆ. ವರ್ಷಕ್ಕೊಂದು ಪುಸ್ತಕ ಓದದವನೂ ಇಂದು ದಿನಕ್ಕೆ ಹತ್ತಾರು ಬಾರಿ ತೆರೆಯ ಮೇಲಿನ ಗುಂಡಿಯನ್ನು ಒತ್ತುತ್ತಾನೆ. ನಮ್ಮ ವಿಮರ್ಶಕರು ಬಹುಕಾಲ ಚರ್ಚಿಸಿದ ಆಕೃತಿ ಮತ್ತು ಆಶಯಗಳ ಸಂಬಂಧ ಈ ಪುಟ್ಟ ಚೌಕದಲ್ಲಿ ಎಷ್ಟು ಬೇಗ ಪರೀಕ್ಷೆಗೆ ಒಳಗಾಗುತ್ತದೋ ಅಷ್ಟು ಬೇಗ ಕವನದಲ್ಲಿಯೂ ಆಗದು. ಗುಂಡಿಯ ನೋಟ ಒಂದು ಮಾತು ಕೊಡುತ್ತದೆ. ಅದರ ನಡೆ ಆ ಮಾತನ್ನು ಉಳಿಸಬೇಕು, ಇಲ್ಲವೇ ಅಳಿಸಬೇಕು.

ವಿಕ್ರೋಳಿ ಪೂರ್ವದ ಕನ್ನಮ್‌ವಾರ್ ನಗರ, ಟಾಗೋರ್ ನಗರಗಳಲ್ಲಿ ನೆಲಸಿರುವ ನಮ್ಮ ಹಿರಿಯರನ್ನು ನೆನೆಯಿರಿ. ಹೋಟೆಲು, ಕಾರ್ಖಾನೆ, ಬ್ಯಾಂಕುಗಳಲ್ಲಿ ಮೂವತ್ತು ನಲವತ್ತು ವರ್ಷ ದುಡಿದವರು. ಸಾವಿರಾರು ಜನರ ಲೆಕ್ಕವನ್ನು ಒಂದು ಪೈಸೆ ತಪ್ಪದಂತೆ ಬರೆದವರು. ಇಂಥ ಒಬ್ಬರು ಹೆಸರು ಬೇಡದ ಒಂದು ಸಂಸ್ಥೆಯ ಅರ್ಜಿಯನ್ನು ಫೋನಿನಲ್ಲಿ ತುಂಬುವಾಗ ನಾವು ಪಕ್ಕದಲ್ಲಿದ್ದೆವು. ಅರ್ಜಿಯ ಕೊನೆಯಲ್ಲಿ ನೀಲಿ ಬಣ್ಣದ, ಮೂಲೆಗಳು ದುಂಡಗಾದ, ನೋಡಲು ಅಂದವಾದ ‘ಸಲ್ಲಿಸು’ ಎಂಬ ಗುಂಡಿ. ಅವರು ಒತ್ತಿದರು. ಬಣ್ಣ ಬದಲಾಗಲಿಲ್ಲ, ಸದ್ದಿಲ್ಲ, ಮಾತಿಲ್ಲ. ತಮ್ಮ ಬೆರಳೇ ಸರಿಯಾಗಿ ತಾಗಲಿಲ್ಲವೆಂದು ಬಗೆದು ಮತ್ತೊಮ್ಮೆ ಒತ್ತಿದರು. ಸ್ವಲ್ಪ ಹೊತ್ತಿನ ಮೇಲೆ ಶುಲ್ಕ ಎರಡು ಬಾರಿ ಸಂದಾಯವಾದ ಸುದ್ದಿ ಬಂತು. ‘ನನಗೆ ಇದೆಲ್ಲ ಆಗುವುದಿಲ್ಲ ಮಾರಾಯರೇ’ ಎಂದು ಫೋನನ್ನು ಕೆಳಗಿಟ್ಟರು. ಹಣವೇನೋ ಕೆಲದಿನಗಳ ಮೇಲೆ ಮರಳಿತು. ಆದರೆ ಅವರು ಅಂದಿನಿಂದ ಇಂಥ ಕೆಲಸ ಬಂದಾಗ ಫೋನನ್ನು ಮೊಮ್ಮಗನ ಕೈಗೇ ಕೊಡುತ್ತಾರೆ.

ಇಲ್ಲಿ ತಪ್ಪು ಗುಂಡಿಯದು, ನಾಚಿಕೆ ಮಾತ್ರ ಒತ್ತಿದವರ ಪಾಲಿಗೆ. ಈ ಅನ್ಯಾಯದ ಹಂಚಿಕೆಯೇ ನಮ್ಮ ಲೇಖನಿಗೆ ಕೆಲಸ ಕೊಟ್ಟದ್ದು.

ಈ ಮಾತನ್ನು ವಿಕ್ರೋಳಿಯ ನೆಲದಲ್ಲಿ ನಿಂತು ಆಡುವುದಕ್ಕೆ ಒಂದು ಔಚಿತ್ಯವೂ ಇದೆ. ಪಿರೋಜ್‌ಶಾ ಗೋದ್ರೆಜ್ ಅವರು ಇಲ್ಲಿಯ ಜಮೀನನ್ನು ಕೊಂಡದ್ದು 1943ರಲ್ಲಿ. ಕಾಡು, ಜೌಗುಗಳ ನಡುವೆ ಎದ್ದ ಕಾರ್ಖಾನೆಯಲ್ಲಿ, ಸ್ವತಂತ್ರ ಭಾರತದ ಪ್ರಥಮ ಮಹಾಚುನಾವಣೆಗಾಗಿ 1951ರಲ್ಲಿ ಹನ್ನೆರಡು ಲಕ್ಷಕ್ಕೂ ಹೆಚ್ಚು ಉಕ್ಕಿನ ಮತಪೆಟ್ಟಿಗೆಗಳು ತಯಾರಾದವು. ಮತದಾರರು ಸುಮಾರು 17 ಕೋಟಿ; ಅವರಲ್ಲಿ ಬಹುಮಂದಿಗೆ ಅಕ್ಷರ ಬಾರದು. ಆದುದರಿಂದ ಆಗ ಪ್ರತಿಯೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವರವರ ಚಿಹ್ನೆ. ಜೋಡೆತ್ತಿನ ಪೆಟ್ಟಿಗೆಗೆ ಹಾಕಿದ ಚೀಟಿ ಜೋಡೆತ್ತಿಗೇ ಸಲ್ಲುತ್ತಿತ್ತು. ಹೊರಗಡೆ ಬೀಗ ತಗುಲಿಸಿದರೆ ಗೊತ್ತುಪಡಿಸಿದ ಬೆಲೆ ಮೀರುವಂತಿದ್ದುದರಿಂದ ಬೀಗವನ್ನು ಪೆಟ್ಟಿಗೆಯ ಒಳಗೇ ಅಡಗಿಸಿದರು. ಬಳಸುವವನಿಗೆ ಕಂಡದ್ದು ಒಂದು ಚಿಹ್ನೆ, ಒಂದು ಸೀಳು; ಅಷ್ಟೇ. ತೊಡಕನ್ನೆಲ್ಲ ತಯಾರಕರು ತಮ್ಮ ಪಾಲಿಗೆ ಇಟ್ಟುಕೊಂಡರು. ಮತದಾರನಿಗೆ ತಿಳಿವಳಿಕೆ ಸಾಲದೆಂದು ಯಾರೂ ಗೊಣಗಲಿಲ್ಲ. ಅವನು ಒಡೆಯ, ಪೆಟ್ಟಿಗೆ ಅವನ ಸೇವಕ ಎಂಬ ಭಾವ ಆ ಉಕ್ಕಿನಲ್ಲೇ ಇತ್ತು.

ಅದೇ ಗೋದ್ರೆಜ್ ಸಂಸ್ಥೆ 1955ರಲ್ಲಿ ದೇಶದಲ್ಲಿಯೇ ತಯಾರಾದ ಟೈಪ್‌ರೈಟರನ್ನು ಹೊರತಂದಿತು. 2009ರಲ್ಲಿ ಅದರ ತಯಾರಿಕೆ ನಿಂತಿತು. ಮುಂಬಯಿಗೆ ಬಂದ ನಮ್ಮವರಲ್ಲಿ ಎಷ್ಟು ಮಂದಿ ಟೈಪಿಂಗ್ ಪರೀಕ್ಷೆಯ ಬಲದಿಂದ ಕೋಟೆಯ ಕಚೇರಿಗಳಲ್ಲಿ ಅನ್ನ ಕಂಡುಕೊಂಡರೆಂದು ಹಿರಿಯ ವಾಚಕರು ಬಲ್ಲರು. ಟೈಪ್‌ರೈಟರಿನ ಕೀಲಿಯಲ್ಲಿ ನುಡಿಗೂ ನಡೆಗೂ ನಡುವೆ ಒಂದು ಕಡ್ಡಿ ಇರುತ್ತಿತ್ತು. ‘ಕ’ ಒತ್ತಿದರೆ ಕಡ್ಡಿ ಎದ್ದು ಹೋಗಿ ‘ಕ’ ಎಂದು ಹೊಡೆಯುವುದು ಕಣ್ಣಿಗೆ ಕಾಣಿಸುತ್ತಿತ್ತು. ಕೆಟ್ಟಾಗ ದುರಸ್ತಿಗಾರ ಬಂದು, ಕೀಲಿಯನ್ನು ಮೆಲ್ಲಗೆ ಒತ್ತಿ, ಚಲನೆ ಎಲ್ಲಿಯವರೆಗೆ ಬಂದು ಎಲ್ಲಿ ತಡೆಯಿತೆಂದು ನೋಡುತ್ತಿದ್ದ. ಹಾಗೆ ನೋಡುವ ಮೊದಲು ಆ ಕೀಲಿಯ ಸ್ವಭಾವವೇನೆಂದು ಅವನಿಗೆ ಗೊತ್ತಿರಬೇಕಾಗಿತ್ತು. ಭಾರತೀಯ ಭಾಷೆಗಳ ಯಂತ್ರಗಳಲ್ಲಿ ಹೊಡೆದರೂ ಗಾಡಿ ಮುಂದೆ ಸರಿಯದ ಕೆಲವು ಕೀಲಿಗಳಿದ್ದವು. ಒಂದು ಅಕ್ಷರದ ಮೇಲೆಯೋ ಕೆಳಗೆಯೋ ಇನ್ನೊಂದು ಗುರುತು ಕೂರಬೇಕಾದಾಗ ಅವು ಬೇಕು. ತಿಳಿಯದವನು ಅದನ್ನು ಕೆಟ್ಟ ಕೀಲಿ ಎನ್ನುತ್ತಾನೆ. ಯಾವುದು ದೋಷ, ಯಾವುದು ಧರ್ಮ ಎಂಬ ವಿವೇಕ ದುರಸ್ತಿಯ ಮೊದಲ ಪಾಠ.

ಮತಪೆಟ್ಟಿಗೆಯೂ ಒಂದು ದಿನ ಗುಂಡಿಯಾಗಿ ಮಾರ್ಪಟ್ಟಿತು. 1982ರ ಮೇ ತಿಂಗಳಲ್ಲಿ ಕೇರಳದ ಪರವೂರು ಕ್ಷೇತ್ರದ ಕೆಲವು ಮತಗಟ್ಟೆಗಳಲ್ಲಿ ವಿದ್ಯುನ್ಮಾನ ಮತಯಂತ್ರವನ್ನು ಮೊದಲ ಬಾರಿಗೆ ಬಳಸಲಾಯಿತು. 2004ರ ಲೋಕಸಭಾ ಚುನಾವಣೆ ದೇಶದಾದ್ಯಂತ ಅದರಿಂದಲೇ ನಡೆಯಿತು. ಅದನ್ನು ತಯಾರಿಸುವವು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್. ಯಂತ್ರದ ಸುತ್ತಲಿನ ರಾಜಕೀಯ ವಾದಗಳಿಗೆ ನಾವು ಇಲ್ಲಿ ಕೈಹಾಕುವುದಿಲ್ಲ. ಗುಂಡಿಯಾಗಿ ಅದು ಹೇಗಿದೆ ಎಂಬುದಷ್ಟೇ ನಮ್ಮ ವಿಷಯ. ಹೆಸರು, ಚಿಹ್ನೆ, ಅದರ ಪಕ್ಕದಲ್ಲೇ ನೀಲಿ ಗುಂಡಿ. ಒತ್ತಿದೊಡನೆ ಆ ಸಾಲಿನಲ್ಲೇ ಕೆಂಪು ದೀಪ. ಜತೆಗೆ ಎಲ್ಲರಿಗೂ ಕೇಳಿಸುವ ದೀರ್ಘವಾದ ಸದ್ದು. ಒಮ್ಮೆ ಒತ್ತಿದ ಮೇಲೆ ಹತ್ತು ಬಾರಿ ಒತ್ತಿದರೂ ಮತ ಒಂದೇ. ಅಧಿಕಾರಿ ತನ್ನ ಘಟಕದ ಗುಂಡಿಯನ್ನು ಒತ್ತಿ ಮುಂದಿನವರಿಗೆ ಅನುವು ಮಾಡಿಕೊಡುವವರೆಗೆ ಯಂತ್ರ ಬೀಗ ಹಾಕಿಕೊಂಡಿರುತ್ತದೆ. 2013ರಿಂದೀಚೆಗೆ ಸೇರಿಕೊಂಡ ಕಾಗದದ ಖಾತರಿ ಯಂತ್ರದಲ್ಲಿ ಚೀಟಿ ಏಳು ಸೆಕೆಂಡು ಕಣ್ಣೆದುರು ನಿಂತು ಬಳಿಕ ಪೆಟ್ಟಿಗೆಗೆ ಬೀಳುತ್ತದೆ. ಒತ್ತಿದ್ದು ತಾಗಿತೇ, ಯಾರಿಗೆ ತಾಗಿತು, ಇನ್ನೊಮ್ಮೆ ಒತ್ತಬೇಕೇ ಎಂಬ ಮೂರು ಪ್ರಶ್ನೆಗಳಿಗೂ ಅಲ್ಲಿ ಉತ್ತರವಿದೆ. ಮೇಲೆ ಹೇಳಿದ ನೀಲಿ ‘ಸಲ್ಲಿಸು’ ಇವುಗಳಲ್ಲಿ ಒಂದಕ್ಕೂ ಉತ್ತರ ಕೊಡಲಿಲ್ಲ.

ಇನ್ನು ತೆರೆಯ ಗುಂಡಿಯ ವಿಚಾರ. ಜೆರಾಕ್ಸ್ ಸಂಸ್ಥೆಯ ‘ಸ್ಟಾರ್’ 1981ರಲ್ಲಿಯೂ, ಆ್ಯಪಲ್ ಸಂಸ್ಥೆಯ ‘ಮ್ಯಾಕಿಂಟಾಷ್’ 1984ರಲ್ಲಿಯೂ ಬಂದ ಮೇಲೆ ಚಿತ್ರಗಳ ಮೂಲಕ ಗಣಕವನ್ನು ನಡೆಸುವ ಪದ್ಧತಿ ಲೋಕಕ್ಕೆ ಪರಿಚಯವಾಯಿತು. ಟೈಪ್‌ರೈಟರಿನ ಕಡ್ಡಿ ಇಲ್ಲಿ ಇಲ್ಲ. ಗುಂಡಿ ಬರಿಯ ಚಿತ್ರ. ಒಳಕ್ಕೆ ಹೋದಂತೆ ತೋರುವುದೂ ಚಿತ್ರವೇ. ನುಡಿಯನ್ನು ನಡೆಗೆ ಕಟ್ಟುವ ಕೆಲಸ ಪೂರ್ತಿಯಾಗಿ ಬರೆದವನ ಮನಸ್ಸಾಕ್ಷಿಗೆ ಬಿಟ್ಟದ್ದು. ಇದನ್ನು ಬಲ್ಲ ಆ ಮೊದಲಿಗರು ಒಂದು ಸೌಜನ್ಯವನ್ನು ರೂಢಿಗೆ ತಂದರು. ಗುಂಡಿಯನ್ನು ಒತ್ತಿದಾಗ ಅದು ಬಣ್ಣ ಬದಲಿಸಿ ‘ಕೇಳಿಸಿತು’ ಎನ್ನುತ್ತದೆ, ಆದರೆ ಕೆಲಸಕ್ಕೆ ತೊಡಗುವುದಿಲ್ಲ. ಒತ್ತಿದ್ದನ್ನು ಅಲ್ಲಿಯೇ ಬಿಟ್ಟಾಗ ಕೆಲಸ. ನಡುವೆ ಮನಸ್ಸು ಬದಲಾಯಿತೋ, ಒತ್ತಿದಂತೆಯೇ ಹೊರಕ್ಕೆ ಜಾರಿಸಿ ಬಿಟ್ಟರೆ ಏನೂ ಆಗದು. ಬಾಯಿಗೆ ಬಂದ ಮಾತನ್ನು ಹಲ್ಲಿನಲ್ಲೇ ತಡೆದುಕೊಳ್ಳುವ ಅವಕಾಶವಿದ್ದಂತೆ. ಮತಯಂತ್ರದಲ್ಲಿ ಒತ್ತಿದ್ದೇ ಕೊನೆ. ಅಲ್ಲಿ ಅದು ಉಚಿತ. ಮನೆಯಲ್ಲಿ ಕುಳಿತು ಹಣ ಕಳುಹಿಸುವಾಗ ಹಿಂದೆಗೆಯುವ ಅವಕಾಶ ಉಚಿತ. ಔಚಿತ್ಯವೇ ಕಾವ್ಯದ ಜೀವ ಎಂದು ಕಾಶ್ಮೀರದ ಕ್ಷೇಮೇಂದ್ರ ಹನ್ನೊಂದನೆಯ ಶತಮಾನದಲ್ಲಿ ವಾದಿಸಿದ. ಗುಂಡಿಗೂ ಅದೇ ಜೀವ.

ಗಣಕದ ವ್ಯವಸ್ಥೆಯೇ ತಯಾರಕನಿಗೆ ಒಂದು ಸಿದ್ಧ ಗುಂಡಿಯನ್ನು ಕೊಟ್ಟಿರುತ್ತದೆ. ನೋಟಕ್ಕೆ ಅದು ಖಾದಿ ಭಂಡಾರದ ಅಂಗಿಯಂತೆ ಸಾದಾ. ಆದರೆ ಮೇಲಿನ ಸೌಜನ್ಯವೆಲ್ಲ ಅದರಲ್ಲಿ ಹುಟ್ಟಿನಿಂದಲೇ ಇರುತ್ತದೆ. ಕೀಲಿಮಣೆಯಿಂದ ಬಂದವರಿಗೂ ಅದು ಓಗೊಡುತ್ತದೆ. ಬಳಸಬಾರದ ಹೊತ್ತಿನಲ್ಲಿ ಮಂಕಾಗುತ್ತದೆ. ಕಣ್ಣು ಕಾಣದವರಿಗೆ ತೆರೆಯನ್ನು ಓದಿ ಹೇಳುವ ತಂತ್ರಾಂಶಕ್ಕೆ ‘ನಾನು ಗುಂಡಿ, ನನ್ನ ಹೆಸರು ಇಂಥದು’ ಎಂದು ತಿಳಿಸುತ್ತದೆ. ಇಷ್ಟಿದ್ದೂ ಅಂದದ ಆಸೆಯಿಂದ ತಯಾರಕರು ತಮ್ಮದೇ ಗುಂಡಿಯನ್ನು ಬರೆಯುತ್ತಾರೆ. ವೃತ್ತಿಯವರು ಇದನ್ನು ಕಸ್ಟಮ್ ಬಟನ್ ಎನ್ನುತ್ತಾರೆ. ನಾವು ಸ್ವಯಂಕೃತ ಗುಂಡಿ ಎನ್ನೋಣ. ಒಂದು ಚೌಕ, ಒಂದು ಬಣ್ಣ, ಒಂದು ನೆರಳು, ‘ಇದನ್ನು ಮುಟ್ಟಿದರೆ ಇಂಥ ಕೆಲಸ ಮಾಡು’ ಎಂಬ ಒಂದು ಆಜ್ಞೆ. ವೇಷವೇನೋ ಸಿದ್ಧವಾಯಿತು. ಆದರೆ ಯಕ್ಷಗಾನದಲ್ಲಿ ಕಿರೀಟ ಕಟ್ಟಿಕೊಂಡ ಮಾತ್ರಕ್ಕೆ ಅರ್ಥಗಾರಿಕೆ ಬರುವುದಿಲ್ಲ.

ಇಂಥ ಗುಂಡಿ ಮುಷ್ಕರ ಹೂಡಿದಾಗ ದೋಷವನ್ನು ಹುಡುಕುವುದು ಹೇಗೆ? ನಮ್ಮ ವೈದ್ಯರು ರೋಗ ಪರೀಕ್ಷೆಯನ್ನು ನಿದಾನ ಎಂದರು. ನಿದಾನಕ್ಕೆ ನಿಧಾನ ಬೇಕು. ಅವಸರದವನು ಅಲ್ಲಿ ಇಲ್ಲಿ ಒಂದೊಂದು ಸಾಲು ತಿದ್ದಿ, ಒಂದು ದೋಷ ಹೋಗಿ ಎರಡು ಬರುವಂತೆ ಮಾಡುತ್ತಾನೆ. ಸ್ವಯಂಕೃತ ಗುಂಡಿಯ ಪಕ್ಕದಲ್ಲಿ ಅದೇ ಕೆಲಸವನ್ನು ವಹಿಸಿಕೊಟ್ಟ ಒಂದು ಸಿದ್ಧ ಗುಂಡಿಯನ್ನು ತಾತ್ಕಾಲಿಕವಾಗಿ ಇಟ್ಟು ನೋಡುವುದು ಒಳ್ಳೆಯ ಆರಂಭ. ಸಿದ್ಧ ಗುಂಡಿ ಕೆಲಸ ಮಾಡಿತೇ? ಹಾಗಾದರೆ ದೋಷ ವೇಷದಲ್ಲಿದೆ. ಅದೂ ಸುಮ್ಮನಿತ್ತೇ? ದೋಷ ಹಿಂದಿನ ಕೆಲಸದಲ್ಲಿದೆ. ಗುಂಡಿಯನ್ನು ಬಯ್ದು ಫಲವಿಲ್ಲ. ಈ ಒಂದೇ ಪ್ರಯೋಗದಿಂದ ಅರ್ಧ ದಾರಿ ಸವೆಯುತ್ತದೆ.

ದೋಷ ವೇಷದಲ್ಲಿದ್ದರೆ ಸ್ಪರ್ಶ ಎಲ್ಲಿಯವರೆಗೆ ಬಂತೆಂದು, ಹಳೆಯ ದುರಸ್ತಿಗಾರನಂತೆ, ಹಂತ ಹಂತವಾಗಿ ನೋಡಬೇಕು. ಒತ್ತಿದ್ದು ಬಂತೇ, ಬಿಟ್ಟದ್ದು ಬಂತೇ, ನಡುವೆ ರದ್ದಾಯಿತೇ ಎಂದು ಒಂದೊಂದನ್ನೂ ಬರೆದಿಡುವ ಸಾಲುಗಳನ್ನು ಸೇರಿಸಿದರೆ ತಿಳಿಯುತ್ತದೆ. ಮುದಿ ಬೆರಳು ತುಸು ನಡುಗುತ್ತದೆ. ಆ ನಡುಕವನ್ನು ಫೋನು ಪುಟ ಸರಿಸುವ ಸನ್ನೆಯೆಂದು ತಿಳಿದು ಒತ್ತಿದ್ದನ್ನು ರದ್ದು ಮಾಡುವುದುಂಟು. ಕೆಲವು ಗುಂಡಿಗಳಲ್ಲಿ ಬಣ್ಣವೆಲ್ಲ ಗುಂಡಿಯಂತೆ ಕಂಡರೂ ಆಜ್ಞೆ ಅಂಟಿರುವುದು ನಡುವಿನ ಅಕ್ಷರಗಳಿಗೆ ಮಾತ್ರ. ಅಂಚನ್ನು ಮುಟ್ಟಿದವರಿಗೆ ಫಲವಿಲ್ಲ. ಇನ್ನು ಕೆಲವು ಕಡೆ ಕಣ್ಣಿಗೆ ಕಾಣದ ಪಾರದರ್ಶಕ ಪದರವೊಂದು ಗುಂಡಿಯ ಮೇಲೆ ಹಾಸಿಕೊಂಡು ಸ್ಪರ್ಶವನ್ನೆಲ್ಲ ತಾನೇ ನುಂಗುತ್ತಿರುತ್ತದೆ. ಎಲ್ಲ ಪದರಗಳಿಗೂ ಒಂದು ದಿನದ ಮಟ್ಟಿಗೆ ಕೆಂಪು ಗೆರೆ ಎಳೆದರೆ ಈ ಕಳ್ಳ ಸಿಕ್ಕಿಬೀಳುತ್ತಾನೆ.

ಒಮ್ಮೆ ಒತ್ತಿದರೆ ಎರಡು ಬಾರಿ ಕೆಲಸ ನಡೆಯುವುದು ಇದಕ್ಕಿಂತ ಕೆಟ್ಟ ರೋಗ. ಪುಟವನ್ನು ಪ್ರತಿ ಸಲ ತೆರೆದಾಗಲೂ ಹಳೆಯ ಆಜ್ಞೆಯನ್ನು ಬಿಚ್ಚದೆ ಹೊಸದನ್ನು ಕಟ್ಟಿದರೆ, ಮೂರನೆಯ ಸಲಕ್ಕೆ ಒಂದೇ ಒತ್ತಿಗೆ ಮೂರು ಆಜ್ಞೆಗಳು ಓಡುತ್ತವೆ. ನಾವು ಕಂಡ ಹಿರಿಯರ ಪ್ರಕರಣ ಇದಕ್ಕಿಂತ ಸರಳವಾದುದು. ಒತ್ತಿದ್ದು ಮೊದಲ ಸಲವೇ ತಾಗಿತ್ತು. ಗುಂಡಿ ಅದನ್ನು ಹೇಳಲಿಲ್ಲ. ಸೆಕೆಂಡಿನ ಹತ್ತನೆಯ ಒಂದು ಪಾಲಿನೊಳಗೆ ಉತ್ತರ ಕಂಡರೆ ಮನುಷ್ಯನಿಗೆ ಅದು ತಕ್ಷಣ ಆದಂತೆ ತೋರುತ್ತದೆಂದು ಬಲ್ಲವರು ಎಂದೋ ಗೊತ್ತುಮಾಡಿದ್ದಾರೆ. ಕೆಲಸ ಮುಗಿಯಲು ಒಂದು ನಿಮಿಷ ಹಿಡಿಯಲಿ, ‘ಕಳುಹಿಸುತ್ತಿದ್ದೇವೆ, ದಯವಿಟ್ಟು ಕಾಯಿರಿ’ ಎಂಬ ಮಾತಿಗೆ ನಿಮಿಷ ಬೇಕಾಗಿಲ್ಲ. ಆ ಹೊತ್ತಿನಲ್ಲಿ ಗುಂಡಿ ಮಂಕಾಗಿ ಬೀಗ ಹಾಕಿಕೊಳ್ಳಬೇಕು. ಕೆಲಸ ಕೆಟ್ಟರೆ ಬೀಗ ತೆಗೆದುಕೊಂಡು ಏಕೆ ಕೆಟ್ಟಿತೆಂದು ಹೇಳಬೇಕು. ಎಷ್ಟೋ ಗುಂಡಿಗಳು ಬೀಗ ಹಾಕಿಕೊಳ್ಳುವುದನ್ನು ಕಲಿತಿವೆ, ತೆಗೆಯುವುದನ್ನು ಮರೆತಿವೆ. ಇವೆಲ್ಲದರ ಮೇಲೆ, ಹಣ ಪಡೆಯುವ ಕಡೆಯ ಗಣಕವೂ ಒಂದೇ ಅರ್ಜಿ ಎರಡು ಸಲ ಬಂದರೆ ಗುರುತಿಸಿ ಒಂದನ್ನು ಬದಿಗಿಡಬೇಕು. ಬೀಗವೊಂದನ್ನೇ ನಂಬುವುದು ಜಾಣತನವಲ್ಲ.

ಈಗ ಗುಂಡಿಯ ಮೇಲಿನ ಮಾತಿಗೆ ಬರೋಣ. ಆ್ಯಪಲ್ ಸಂಸ್ಥೆಯ ‘ಲೀಸಾ’ ಎಂಬ ಗಣಕ 1983ರಲ್ಲಿ ಮಾರುಕಟ್ಟೆಗೆ ಬರುವ ಮೊದಲು ಅದರ ಗುಂಡಿಯೊಂದರ ಮೇಲೆ ‘ಡೂ ಇಟ್’, ಅಂದರೆ ‘ಅದನ್ನು ಮಾಡು’ ಎಂದು ಬರೆದಿತ್ತಂತೆ. ಪರೀಕ್ಷೆಗೆ ಬಂದವರೊಬ್ಬರು ಎರಡು ಪದಗಳ ನಡುವಿನ ಕಿರಿದಾದ ತೆರವನ್ನು ಗಮನಿಸದೆ ಅದನ್ನು ‘ಡೋಲ್ಟ್’ ಎಂದು ಓದಿದರು. ಇಂಗ್ಲಿಷಿನಲ್ಲಿ ಅದಕ್ಕೆ ಮಂಕು ಎಂದರ್ಥ. ಯಂತ್ರ ತಮ್ಮನ್ನು ಮಂಕು ಎನ್ನುತ್ತಿದೆಯೆಂದು ಅವರಿಗೆ ನೋವಾಯಿತು. ತಯಾರಕರು ನಗಲಿಲ್ಲ, ವಾದಿಸಲಿಲ್ಲ. ‘ಓಕೆ’ ಎಂದು ಬದಲಿಸಿದರು. ಆ ‘ಓಕೆ’ ಇಂದು ಲೋಕವನ್ನೆಲ್ಲ ವ್ಯಾಪಿಸಿದೆ.

ಕನ್ನಡದ ಗುಂಡಿಗಳಿಗೆ ಇಂಥ ಪರೀಕ್ಷೆಯನ್ನು ಮಾಡುವವರು ಯಾರು? ‘ಅಳಿಸು’ ಎಂಬ ಗುಂಡಿಯನ್ನು ನಾವು ದಿನವೂ ಕಾಣುತ್ತೇವೆ. ಬರೆದದ್ದನ್ನು ಅಳಿಸುವುದೂ ಹೌದು, ಮಗುವನ್ನು ಅಳಿಸುವುದೂ ಹೌದು. ಕೆಲವೊಮ್ಮೆ ಎರಡೂ ಒಟ್ಟಿಗೆ ನಡೆಯುತ್ತದೆ. ಇದನ್ನು ನಗೆಯಲ್ಲಿ ಕಳೆಯಬಹುದು. ‘ಕಾಯ್ದಿರಿಸಿದ ಟಿಕೇಟನ್ನು ರದ್ದುಮಾಡಬೇಕೇ?’ ಎಂದು ಕೇಳಿ, ಕೆಳಗೆ ‘ಸರಿ’, ‘ರದ್ದುಮಾಡು’ ಎಂಬ ಎರಡು ಗುಂಡಿಗಳನ್ನಿಟ್ಟರೆ ನಗೆ ನಿಲ್ಲುತ್ತದೆ. ಯಾವುದನ್ನು ಒತ್ತಿದರೆ ಟಿಕೇಟು ಉಳಿಯುತ್ತದೆ? ಇಂಗ್ಲಿಷಿನ ಎರಡು ಗುಂಡಿಗಳನ್ನು ಸಂದರ್ಭ ನೋಡದೆ ಕನ್ನಡಿಸಿದ್ದರ ಫಲವಿದು. ‘ಟಿಕೇಟು ಇರಲಿ’, ‘ಟಿಕೇಟು ಬೇಡ’ ಎಂದು ಬರೆದಿದ್ದರೆ ಅನುವಾದಕನೂ ಬೇಡವಾಗಿತ್ತು, ಅಂಗಡಿಯ ಹುಡುಗನೇ ಸಾಕಾಗಿದ್ದ. ಇನ್ನು ಒಂದೇ ಪುಟದಲ್ಲಿ ‘ಸಲ್ಲಿಸು’ ಎಂಬ ಏಕವಚನ, ‘ನಿರೀಕ್ಷಿಸಿ’ ಎಂಬ ಬಹುವಚನ. ಎಪ್ಪತ್ತು ದಾಟಿದವರನ್ನು ಯಂತ್ರ ಒಮ್ಮೆ ಕೂಗುತ್ತದೆ, ಒಮ್ಮೆ ಕೈಮುಗಿಯುತ್ತದೆ.

ಕನ್ನಡ ಲಿಪಿಯ ಒಡಲನ್ನು ಅರಿಯದಿರುವುದು ಸ್ವಯಂಕೃತ ಗುಂಡಿಗಳ ಮತ್ತೊಂದು ಅಪರಾಧ. ಇಂಗ್ಲಿಷಿನ ಅಕ್ಷರಕ್ಕೆ ಅಳತೆ ಹಿಡಿದು ಹೊಲಿದ ಚೌಕದಲ್ಲಿ ನಮ್ಮ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತದೆ. ‘ಮುಚ್ಚಿ’ ಎಂಬುದು ‘ಮುಚಿ’ ಆಗುತ್ತದೆ, ‘ರದ್ದು’ ಎಂಬುದು ‘ರದು’ ಆಗುತ್ತದೆ. ಒತ್ತು ಕತ್ತರಿಸಿದರೆ ‘ಕತ್ತೆ’ ಹೋಗಿ ‘ಕತೆ’ ಉಳಿಯುತ್ತದೆ ಎಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಗುಂಡಿಯ ಎತ್ತರವನ್ನು ಅಂಕೆಯಲ್ಲಿ ಕಟ್ಟಿಹಾಕದೆ ಅಕ್ಷರಕ್ಕೆ ತಕ್ಕಂತೆ ಬೆಳೆಯಲು ಬಿಟ್ಟರೆ ಪರಿಹಾರ ಸುಲಭ. ಪರೀಕ್ಷೆಗೆ ‘ಸರಿ’ ಎಂಬ ಸಾಧು ಪದವನ್ನು ಬಿಟ್ಟು ‘ದೃಷ್ಟಿ’, ‘ಸ್ವೀಕೃತಿ’, ‘ರಾಷ್ಟ್ರೀಯ’ದಂತಹ ಪದಗಳನ್ನು ಬರೆದು ನೋಡಬೇಕು.

ತಯಾರಕರ ಪಕ್ಷದಲ್ಲಿಯೂ ಹೇಳತಕ್ಕದ್ದಿದೆ. ಇಂದು ಈ ಕೆಲಸ ಮಾಡುವವರಲ್ಲಿ ನಮ್ಮ ಮನೆಗಳ ಮಕ್ಕಳೇ ಅನೇಕರು. ತಂದೆ ಕಾರ್ಖಾನೆಯ ಗೇಟಿನೊಳಗೆ ಹೋಗುತ್ತಿದ್ದ ಊರಿನಲ್ಲೇ ಮಗಳು ಗಾಜಿನ ಕಟ್ಟಡದಲ್ಲಿ ಕುಳಿತು ತಂತ್ರಾಂಶ ಬರೆಯುತ್ತಾಳೆ. ಚಿತ್ರವನ್ನು ಇನ್ನೊಬ್ಬರು ಬರೆದುಕೊಡುತ್ತಾರೆ, ಗಡುವನ್ನು ಮತ್ತೊಬ್ಬರು ಇಡುತ್ತಾರೆ, ಗುಂಡಿ ಹೇಗೆ ಕಾಣಬೇಕೆಂದು ಹತ್ತು ಸಭೆಗಳು ನಡೆದರೆ ಹೇಗೆ ನಡೆಯಬೇಕೆಂದು ಒಂದೂ ನಡೆಯುವುದಿಲ್ಲ. ಅಂದವೂ ನಮಗೆ ಬೇಡವಲ್ಲ. ಮದುವೆಯ ಕರೆಯೋಲೆಗೆ ಅರಸಿನ ಹಚ್ಚುವ ಜನ ನಾವು. ಸಿದ್ಧ ಗುಂಡಿಗೇ ಬೇಕಾದ ಬಣ್ಣ ತೊಡಿಸಲು ಇಂದಿನ ಸಲಕರಣೆಗಳಲ್ಲಿ ಧಾರಾಳ ಅವಕಾಶವಿದೆ. ಒಡಲನ್ನು ಉಳಿಸಿಕೊಂಡು ಉಡುಗೆ ಬದಲಿಸಿದರೆ ಯಾರ ಆಕ್ಷೇಪವೂ ಇಲ್ಲ. ಒಡಲನ್ನೇ ಎಸೆದು ಉಡುಗೆಯನ್ನು ಗೂಟಕ್ಕೆ ತೊಡಿಸುವುದು ಬೇಡ ಎಂದಷ್ಟೇ ನಮ್ಮ ವಾದ.

ನಮ್ಮ ಸಂಘಗಳೂ ಇದರಲ್ಲಿ ಒಂದಿಷ್ಟು ಮಾಡಬಹುದು. ಗುಂಡಿ ಕೇಳದೆ ಹೋದಾಗ ಸುಮ್ಮನೆ ಫೋನು ಕೆಳಗಿಡುವ ಬದಲು, ಯಾವ ಪುಟದಲ್ಲಿ ಏನನ್ನು ಒತ್ತಿದೆವು, ಏನಾಗಬೇಕಾಗಿತ್ತು, ಏನಾಯಿತು ಎಂಬ ಮೂರು ಸಾಲನ್ನು ಬರೆದು ಆಯಾ ಸಂಸ್ಥೆಗೆ ಕಳುಹಿಸುವ ಅಭ್ಯಾಸವನ್ನು ಸದಸ್ಯರಲ್ಲಿ ಬೆಳೆಸಬಹುದು. ಕನ್ನಡದಲ್ಲೇ ಬರೆಯಲಿ, ಓದಿಸಿಕೊಳ್ಳುವ ಹೊಣೆ ಅವರದು. ತಂತ್ರಾಂಶ ಬರೆಯುವ ನಮ್ಮ ತರುಣ ತರುಣಿಯರು ತಿಂಗಳಿಗೊಂದು ಭಾನುವಾರ ಹಿರಿಯರ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು, ಬಾಯಿ ಬಿಡದೆ, ಕೈ ಚಾಚದೆ, ಅವರು ಒತ್ತುವುದನ್ನು ನೋಡಲಿ. ‘ಅಲ್ಲಲ್ಲ, ಇಲ್ಲಿ ಒತ್ತಿ’ ಎಂದು ನಾಲಗೆಯ ತುದಿಗೆ ಬಂದ ಜಾಗವನ್ನೆಲ್ಲ ಗುರುತುಮಾಡಿಕೊಂಡು ಸೋಮವಾರ ಕಚೇರಿಗೆ ಒಯ್ಯಲಿ. ತಿದ್ದಬೇಕಾದ ಪಟ್ಟಿ ಅದೇ.